ಗುರುವಾರದ ಸೂಜಿಗಳು

ಚಿಯಾಯಿ
ಮಾರ್ಚ್ 6, 2018

ಆ-ಯೂ,

ನೀನು ಬರೆದ ಕಾಗದಗಳೆಲ್ಲ ಬಂದಿವೆ. ಹನ್ನೊಂದು. ಎಲ್ಲವನ್ನೂ ಓದಿದ್ದೇನೆ, ಯಾವುದಕ್ಕೂ ಉತ್ತರ ಬರೆದಿಲ್ಲ. ಏಳು ದಿನದ ಧ್ಯಾನ ಶಿಬಿರ ಅಂತ ಹೇಳಿ ಹೋದವಳು ಎಂಟನೇ ದಿನ ಫೋನು ಮಾಡಿ, ಇನ್ನು ಬರುವುದಿಲ್ಲ, ತಲೆ ಬೋಳಿಸಿಕೊಂಡು ಭಿಕ್ಷುಣಿಯಾಗುತ್ತಿದ್ದೇನೆ ಅಂದಳಲ್ಲ, ಅವಳಿಗೆ ಏನು ಬರೆಯಬೇಕೋ ಎರಡೂವರೆ ವರ್ಷವಾದರೂ ನನಗೆ ತಿಳಿಯಲಿಲ್ಲ. ಈಗ ಬರೆಯುತ್ತಿರುವುದು ನೀನು ಬಿಟ್ಟುಹೋದ ನಾಯಿ ಡೌಗಾನ್ ವಿಷಯಕ್ಕೆ.

ಗಾಬರಿಯಾಗಬೇಡ, ಬದುಕಿದೆ.

ಹೋದ ತಿಂಗಳು ಹೊಸವರ್ಷದ ರಜೆ ಮುಗಿಸಿ ಅಂಗಡಿ ತೆರೆದ ಎರಡನೇ ದಿನ. ಏಳೂವರೆ ಗಂಟೆ, ಶಾಲೆಗೆ ಹೋಗುವ ಮಕ್ಕಳೆಲ್ಲ ಮೊಟ್ಟೆ ರೊಟ್ಟಿಗೆ ಮುತ್ತಿಕೊಂಡ ಹೊತ್ತು. ಕಾವಲಿ ಪಕ್ಕದಲ್ಲಿ ಮಲಗಿದ್ದದ್ದು ಎದ್ದಿತು, ನಾಲ್ಕು ಹೆಜ್ಜೆ ಹಾಕಿತು, ಮುಂಗಾಲು ಮಡಿಸಿ ಕುಸಿದುಬಿಟ್ಟಿತು. ತುಟಿ ಎತ್ತಿ ನೋಡಿದರೆ ವಸಡು ಸುಣ್ಣ ಬಳಿದ ಹಾಗೆ ಬೆಳ್ಳಗೆ. ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಎದುರುಗಡೆ ಇಸ್ತ್ರಿ ಅಂಗಡಿಯ ಸ್ಯೂ-ಚೂ ಸ್ಕೂಟರ್ ತೆಗೆದಳು, ನಾನು ಹಿಂದೆ ಅದನ್ನು ಮಗುವಿನ ಹಾಗೆ ಅವಚಿಕೊಂಡು ಕೂತೆ.

ಪಶು ಆಸ್ಪತ್ರೆಯಲ್ಲಿ, ಗುಲ್ಮದಲ್ಲಿ ಗೆಡ್ಡೆ ಬೆಳೆದು ಒಡೆದಿದೆ, ಹೊಟ್ಟೆಯೆಲ್ಲ ರಕ್ತ ಅಂದರು. ಅವತ್ತೇ ಕೊಯ್ದು ಗುಲ್ಮ ತೆಗೆದರು. ಎಂಟು ದಿನಕ್ಕೆ ವರದಿ ಬಂತು: ರಕ್ತನಾಳದ ಕ್ಯಾನ್ಸರ್. ಉಳಿದಲ್ಲೆಲ್ಲ ಆಗಲೇ ಬಿತ್ತಿರುತ್ತದಂತೆ. ಎರಡು ತಿಂಗಳು, ಹೆಚ್ಚೆಂದರೆ ಮೂರು. ಕೀಮೋ ಕೊಟ್ಟರೆ ಇನ್ನೂ ಎರಡು ಮೂರು ತಿಂಗಳು ಸಿಗಬಹುದು ಅಂದರು. ನಾನು ಬೇಡ ಅಂದೆ. ಅದಕ್ಕೆ ಹದಿಮೂರು ವರ್ಷ.

ಸ್ಯೂ-ಚೂ ಹೇಳಿದ ಒಬ್ಬ ಡಾಕ್ಟರ್ ಇದ್ದಾನೆ, ಡಾಕ್ಟರ್ ಕೋ ಅಂತ. ನಾಯಿಗಳಿಗೆ ಸೂಜಿ ಚುಚ್ಚುತ್ತಾನೆ, ಗಿಡಮೂಲಿಕೆ ಕೊಡುತ್ತಾನೆ. ಈ ಗುರುವಾರ ಹೋಗುತ್ತೇನೆ.

ನಾಯಿ ನಿನ್ನದು. ಕೇಳದೆ ಮಾಡಿದೆ ಅನ್ನಬಾರದು ಅಂತ ಬರೆದೆ.

ಅಮ್ಮ

*

ಮ್ಯಾವ್‌ಲಿ
ಮಾರ್ಚ್ 15

ಅಮ್ಮಾ,

ನಿನ್ನ ಕಾಗದ ಬಂತು, ನಿನ್ನದೇ ಅಕ್ಷರ. ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದೆ, ಹಾಗೇ ಕೈ ಒರೆಸಿಕೊಂಡು ಓದಿದೆ. ಇಲ್ಲಿ ನಾಲ್ಕು ವರ್ಷದ ಓದು ಮುಗಿಯುವತನಕ ಫೋನು ಇಲ್ಲ. ಕಾಗದ ಕೂಡ ತಿಂಗಳಿಗೆ ಎರಡು ದಿನ ಮಾತ್ರ ಹೊರಗೆ ಹೋಗುತ್ತದೆ. ಇವತ್ತಿನ ದಿನಕ್ಕೆ ಕಾದು ಕಾದು ಸಾಕಾಯಿತು.

ಹೊಲಿಗೆ ಒಣಗಿತೇ? ತಿನ್ನುತ್ತಿದೆಯೇ? ನೋವಿದ್ದರೆ ಅದು ಅಳುವುದಿಲ್ಲ, ಮೂಗು ನೆಕ್ಕಿಕೊಳ್ಳುತ್ತದೆ, ಗಮನಿಸಿದ್ದೀಯಾ? ಶ್ವಾಸಕೋಶದ ಎಕ್ಸ್‌ರೇ ತೆಗೆಸಿದರೇ? ಕೀಮೋ ಬೇಡ ಅಂದದ್ದು ಅಲ್ಲೇ ನಿಂತಲ್ಲೇ ಅಂದೆಯಾ, ಒಂದು ದಿನವಾದರೂ ಯೋಚಿಸಿದೆಯಾ?

ಬೇಜಾರಾಗಬೇಡ. ನಾನು ಐದು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಪಟ್ಟಿಯ ಮೇಲೆ ಇಂಥ ಜೀವಕೋಶಗಳನ್ನೇ ನೋಡಿದವಳು. ಈ ಕ್ಯಾನ್ಸರ್ ಎಷ್ಟು ಬೇಗ ಹಬ್ಬುತ್ತದೆ ಅಂತ ಗೊತ್ತು. ಸೂಜಿ, ಬೇರು, ಅಣಬೆ ಪುಡಿಗೆ ಅದು ಹೆದರುತ್ತದೆ ಅಂತ ನನಗನ್ನಿಸುವುದಿಲ್ಲ. ನಿನಗೆ ಯಾರಾದರೂ ಮೋಸ ಮಾಡಿದರೆ ಎಂಬ ಭಯ.

ಬೆಳಗಿನ ಧ್ಯಾನದಲ್ಲಿ ಉಸಿರು ಎಣಿಸುತ್ತೇನೆ. ಮೂರಕ್ಕೆ ಬರುವಷ್ಟರಲ್ಲಿ ಅದರ ಉಗುರು ನಮ್ಮ ಅಂಗಡಿಯ ನೆಲದ ಮೇಲೆ ಟಿಕ್ ಟಿಕ್ ಅನ್ನುವುದು ಕೇಳಿಸುತ್ತದೆ. ಮತ್ತೆ ಒಂದರಿಂದ ಶುರು.

ಬೇಗ ಬರೆ. ಚಿಕ್ಕದಾದರೂ ಸರಿ.

ಜುಯೆ-ಆನ್

*

ಚಿಯಾಯಿ
ಮಾರ್ಚ್ 29

ಆ-ಯೂ,

ಕಾಗದದ ಕೆಳಗೆ ನೀನು ಬರೆಯುವ ಆ ವಿಹಾರದ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ನಾನು ಇಟ್ಟ ಹೆಸರಿಂದಲೇ ಕರೆಯುತ್ತೇನೆ.

ಎಕ್ಸ್‌ರೇ ತೆಗೆಸಿದ್ದಾರೆ, ಶ್ವಾಸಕೋಶದಲ್ಲಿ ಸದ್ಯಕ್ಕೆ ಏನೂ ಕಾಣುವುದಿಲ್ಲ. ಹೊಲಿಗೆ ಬಿಚ್ಚಿದರು. ಮೂಗು ನೆಕ್ಕಿಕೊಳ್ಳುತ್ತಿತ್ತು, ಈಗ ಕಡಿಮೆ.

ಡಾಕ್ಟರ್ ಕೋ ನೋಡಲು ಅಂಚೆಯವನ ಹಾಗಿದ್ದಾನೆ. ಮೊದಲು ಆಸ್ಪತ್ರೆಯ ಕಾಗದಗಳನ್ನೆಲ್ಲ ಓದಿದ. ಆಮೇಲೆ ನೆಲದ ಮೇಲೇ ಚಾಪೆ ಹಾಕಿ ಕೂತು ಡೌಗಾನ್ ಪರಿಚಯ ಮಾಡಿಕೊಂಡ. ತೊಡೆಯ ಒಳಬದಿಯಲ್ಲಿ ಬೆರಳಿಟ್ಟು ನಾಡಿ ನೋಡಿದ, ಬಲಕ್ಕೊಂದು ಎಡಕ್ಕೊಂದು, ಎಷ್ಟೋ ಹೊತ್ತು. ನಾಲಿಗೆ ನೋಡಿದ. ಬಣ್ಣಗೆಟ್ಟಿದೆ, ಅಂಚಿನಲ್ಲಿ ನೀಲಿ ಇದೆ. ರಕ್ತ ಅಲ್ಲಲ್ಲಿ ಕಟ್ಟಿ ನಿಂತಿದೆ, ಶಕ್ತಿ ಸೋತಿದೆ ಅಂದ. ನಿನ್ನ ಅನುಮಾನವೇ ನನಗೂ ಇತ್ತು, ಇದರಿಂದ ವಾಸಿಯಾಗುತ್ತದೆಯೇ ಅಂತ ಕೇಳಿದೆ.

"ಇಲ್ಲ ಆಂಟಿ," ಅಂದ. "ಗೆಡ್ಡೆ ಜತೆ ಕುಸ್ತಿ ಮಾಡಕ್ಕೆ ನಾನು ಬಂದಿಲ್ಲ. ನಾಯಿ ಪಕ್ಕ ನಿಲ್ಲಕ್ಕೆ ಬಂದಿದ್ದೀನಿ. ಊಟ ರುಚಿಸ್ಬೇಕು, ನೋವು ಕಮ್ಮಿ ಆಗ್ಬೇಕು, ಕಾಲಿಗೆ ಬಲ ಬರ್ಬೇಕು. ಅಷ್ಟು ಆದ್ರೆ ನಂಗೆ ಸಂತೋಷ."

ಮೋಸಗಾರ ಹೀಗೆ ಮಾತಾಡುತ್ತಾನಾ, ನೀನೇ ಹೇಳು.

ಹನ್ನೊಂದು ಸೂಜಿ. ಕೂದಲಿಗಿಂತ ಸ್ವಲ್ಪ ದಪ್ಪ. ಬೆನ್ನಿನ ಮೇಲೆ ಸಾಲಾಗಿ, ಹಿಂಗಾಲಿನ ಮಂಡಿಯ ಕೆಳಗೆ ಒಂದೊಂದು. ಆ ಜಾಗಕ್ಕೆ "ಮೂರು ಹರದಾರಿ" ಅಂತ ಹೆಸರಂತೆ. ಸುಸ್ತಾದವನು ಅಲ್ಲಿ ಒತ್ತಿಕೊಂಡರೆ ಇನ್ನೂ ಮೂರು ಹರದಾರಿ ನಡೆಯುತ್ತಾನೆ ಅನ್ನುವುದು ಹಳಬರ ಮಾತು. ನಾಲ್ಕನೇ ಸೂಜಿಗೆ ಡೌಗಾನ್ ತಲೆ ಕೆಳಗಿಟ್ಟಿತು, ಏಳನೆಯದಕ್ಕೆ ಗೊರಕೆ ಹೊಡೆಯಿತು. ನನಗೇ ಕೂರಲಾಗಲಿಲ್ಲ. ಎದ್ದು ಬಾಗಿಲಿಗೆ ಹೋಗುವುದು, ಬರುವುದು. ಮುಂದಿನ ಸಲ ನಿಮಗೂ ಎರಡು ಚುಚ್ಚುತ್ತೇನೆ ಅಂದ ಡಾಕ್ಟರ್.

ಕೊಟ್ಟಿರುವುದು ಅಣಬೆಯ ಪುಡಿ, ದಿನಕ್ಕೆರಡು ಸಲ. ರಕ್ತ ನಿಲ್ಲಿಸಲು ಯುನ್ನಾನ್ ಪ್ರಾಂತ್ಯದ ಬಿಳಿ ಪುಡಿ. ಆ ಪೊಟ್ಟಣದಲ್ಲಿ ಸಾಸಿವೆಯಷ್ಟು ಚಿಕ್ಕ ಒಂದು ಕೆಂಪು ಗುಳಿಗೆ ಇರುತ್ತದೆ. ಅದನ್ನು ದಿನಾ ಕೊಡಬಾರದು, ಮತ್ತೆ ಕುಸಿದರೆ ಮಾತ್ರ ಕೊಟ್ಟು ತಕ್ಷಣ ಓಡಿಬರಬೇಕು ಅಂದ. ಹಸಿ, ತಣ್ಣಗಿನದು ಏನೂ ಬೇಡ. ಹಂದಿಮಾಂಸ, ಸಿಹಿಗುಂಬಳ, ಸ್ವಲ್ಪ ಶುಂಠಿ ಬೇಯಿಸಿ ಬಿಸಿಬಿಸಿ ಹಾಕುತ್ತಿದ್ದೇನೆ. ನನಗೆ ನಾನು ಇಷ್ಟು ಚೆನ್ನಾಗಿ ಮಾಡಿಕೊಂಡದ್ದಿಲ್ಲ. ಹೋದ ವರ್ಷ ಮೊಣಕಾಲಿನ ಆಪರೇಷನ್ ಆದಾಗ ಕೂಡ ಅಂಗಡಿಯ ಮೂಲಂಗಿ ಬಿಲ್ಲೆಯಲ್ಲೇ ಹದಿನೈದು ದಿನ ಕಳೆದೆ.

ಅಮ್ಮ

*

ಮ್ಯಾವ್‌ಲಿ
ಏಪ್ರಿಲ್ 1

ಅಮ್ಮಾ,

ಯಾವ ಮೊಣಕಾಲು? ಯಾವಾಗ? ಆಸ್ಪತ್ರೆಯಲ್ಲಿ ಜೊತೆಗೆ ಯಾರಿದ್ದರು?

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಇವತ್ತು ಬೆಳಿಗ್ಗೆ ಗುರುಮಾತೆಯ ಹತ್ತಿರ ಹೋಗಿ ಮೂರು ದಿನ ಊರಿಗೆ ಹೋಗಲು ಅಪ್ಪಣೆ ಕೇಳಿದೆ. ಓದಿನ ನಡುವೆ ಯಾರನ್ನೂ ಕಳಿಸುವುದಿಲ್ಲ, ಆದರೂ ಅವರು ಇಲ್ಲ ಅನ್ನಲಿಲ್ಲ. "ಹೋಗು. ಹೋಗೋ ಮುಂಚೆ ಒಂದು ಯೋಚ್ನೆ ಮಾಡು. ನಾಯಿಗೆ ನೀನು ಬೇಕಾಗಿದ್ದೀಯೋ, ನಿಂಗೆ ನಾಯಿ ಬೇಕಾಗಿದೆಯೋ?" ಅಂದರು. ಅವರು ಗಿಡಕ್ಕೆ ನೀರು ಹಾಕಲು ಹೊರಟುಹೋದರು.

ಮುಂದಿನ ವಾರ ಬರಲೇ? ನಿನ್ನ ಮೊಣಕಾಲನ್ನೂ ನೋಡಬೇಕು.

ಜುಯೆ-ಆನ್

*

ಚಿಯಾಯಿ
ಏಪ್ರಿಲ್ 7

ಆ-ಯೂ,

ಬರಬೇಡ.

ಮೊಣಕಾಲು ಸರಿಯಾಗಿದೆ. ಸ್ಯೂ-ಚೂ ಇದ್ದಳು. ನಾನು ಹೇಳದಿದ್ದದ್ದಕ್ಕೆ ನೀನು ಬರಲಿಲ್ಲ, ಅದು ಗೊತ್ತು. ಹೇಳಿದ್ದರೆ ಬರುತ್ತಿದ್ದೆಯೋ ಏನೋ ಅಂತ ಯೋಚಿಸುವುದಕ್ಕಿಂತ ಹೇಳದೆ ಇರುವುದೇ ಸುಲಭವಾಗಿತ್ತು. ಈಗ ನಾಯಿಗೋಸ್ಕರ ಬಂದು ಮೂರು ದಿನ ಇದ್ದು, ನಾಲ್ಕನೇ ದಿನ ಆ ಬೂದು ನಿಲುವಂಗಿ ಹಾಕಿಕೊಂಡು ಮತ್ತೆ ಬಸ್ಸು ಹತ್ತುತ್ತೀಯಲ್ಲ, ಅದನ್ನು ನೋಡುವ ಶಕ್ತಿ ನನಗಿಲ್ಲ. ಇನ್ನೊಂದು ಸಲ ಆಗುವುದಿಲ್ಲ.

ಡೌಗಾನ್ ಇವತ್ತು ಪೂರ್ತಿ ಬಟ್ಟಲು ಖಾಲಿ ಮಾಡಿತು.

ಅಮ್ಮ

*

ಚಿಯಾಯಿ
ಮೇ 10

ಆ-ಯೂ,

ನೀನು ಏಪ್ರಿಲ್ ಹದಿನೈದಕ್ಕೆ ಹಾಕಿದ ಕಾಗದಕ್ಕೆ ಉತ್ತರ ಕೊಡಲಿಲ್ಲ. ಕೊಡುವ ಮುಖ ಇರಲಿಲ್ಲ. ನಾನೊಂದು ತಪ್ಪು ಮಾಡಿದೆ.

ಏಪ್ರಿಲ್ ಪೂರ್ತಿ ಚೆನ್ನಾಗಿತ್ತು. ಗುರುವಾರ ಗುರುವಾರ ಸೂಜಿ. ಮಾರನೇ ದಿನ ಕಾಲುವೆ ದಂಡೆಯವರೆಗೂ ನಡೆದು ಬರುತ್ತಿತ್ತು, ಬೆಕ್ಕುಗಳನ್ನು ಗದರಿಸುತ್ತಿತ್ತು. ಅದು ಚೆನ್ನಾಗಿದ್ದಷ್ಟೂ ನನಗೆ ತಳಮಳ ಜಾಸ್ತಿ. ಕಾವಲಿಯ ಮುಂದೆ ನಿಂತು ಹತ್ತು ನಿಮಿಷಕ್ಕೊಮ್ಮೆ ಬಗ್ಗಿ ತುಟಿ ಎತ್ತಿ ವಸಡು ನೋಡುತ್ತಿದ್ದೆ. ಅದಕ್ಕೇ ಬೇಜಾರಾಗಿ, ನಾನು ಬಗ್ಗಿದರೆ ಮುಖ ತಿರುಗಿಸುತ್ತಿತ್ತು. ಇಷ್ಟು ಸುಧಾರಿಸಿದ್ದು ಇನ್ನಷ್ಟು ಸುಧಾರಿಸಬಾರದೇಕೆ ಅಂತ ಒಂದು ಆಸೆ ಹೊಕ್ಕಿತು. ಶನಿವಾರದ ಸಂತೆಯಲ್ಲಿ ಒಬ್ಬ ಕರಿ ಗುಳಿಗೆ ಮಾರುತ್ತಾನೆ, ಮನುಷ್ಯರ ಗೆಡ್ಡೆಯನ್ನೇ ಕರಗಿಸುತ್ತದೆ, ನಾಯಿಯದು ಯಾವ ಲೆಕ್ಕ ಅಂದ. ಕೊಂಡು ತಂದೆ. ಡಾಕ್ಟರ್ ಕೋಗೆ ಹೇಳದೆ ಮೂರು ದಿನ ಕೊಟ್ಟೆ.

ಮೊದಲ ದಿನ ವಾಂತಿ. ಎರಡನೇ ದಿನ ಏನೂ ಮುಟ್ಟಲಿಲ್ಲ. ಮೂರನೇ ದಿನ ಮಧ್ಯಾಹ್ನ ಕರ‍್ರಗೆ ಭೇದಿಯಾಗಿ ಹಿತ್ತಲಲ್ಲೇ ಮಲಗಿಬಿಟ್ಟಿತು. ವಸಡು ಮತ್ತೆ ಬೆಳ್ಳಗೆ. ಕೆಂಪು ಗುಳಿಗೆಯನ್ನು ನಾಲಿಗೆಯ ಹಿಂದಕ್ಕೆ ತಳ್ಳಿ, ಸ್ಯೂ-ಚೂಳನ್ನು ಕೂಗಿ ಓಡಿದೆವು.

ಡಾಕ್ಟರ್ ಕೋ ಮೊದಲು ಅದಕ್ಕೆ ಗ್ಲೂಕೋಸ್ ಹಾಕಿ ಮಲಗಿಸಿದ. ಆಮೇಲೆ ನನ್ನ ಕೈಯಿಂದ ಆ ಗುಳಿಗೆಯ ಸೀಸೆ ತೆಗೆದುಕೊಂಡು ಮೂಸಿ ನೋಡಿದ. ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿರುತ್ತಿತ್ತು.

"ಆಂಟಿ, ಗಿಡಮೂಲಿಕೆ ಅಂದ್ರೆ ಹಾಲು-ಸಕ್ಕರೆ ಅಲ್ಲ. ಇದೂ ಔಷಧಿ, ಜಾಸ್ತಿ ಆದ್ರೆ ಇದೂ ವಿಷ. ಇದ್ರಲ್ಲಿ ಏನಿದೆ ಅಂತ ನಂಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ."

"ಗೊತ್ತಿತ್ತು ಡಾಕ್ಟರೇ," ಅಂದೆ. "ಆದ್ರೂ ಕೊಟ್ಟೆ."

"ಯಾಕೆ?"

ಯಾಕೆ ಅಂತ ಅವನಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ನಿನ್ನಪ್ಪನ ಲಿವರ್ ಹೋದಾಗ ನೀನು ಒಂಬತ್ತು ವರ್ಷದವಳು. ಅವರು ಮನೆಗೆ ಕರಕೊಂಡು ಹೋಗು ಅಂತ ದಿನಾ ಕೇಳುತ್ತಿದ್ದರು. ಇನ್ನೊಂದು ಟೆಸ್ಟು, ಇನ್ನೊಂದು ಬಾಟಲು ಅಂತ ನಾನು ಮೂವತ್ತೆಂಟು ದಿನ ದೂಡಿದೆ. ಅಲ್ಲೇ ಹೋದರು. ಅದಕ್ಕೇ ಡೌಗಾನ್‌ಗೆ ಕೀಮೋ ಬೇಡ ಅಂದದ್ದು. ಈ ಸಲ ಸುಮ್ಮನೆ ಬಿಟ್ಟುಕೊಡುತ್ತೇನೆ, ಹಟ ಮಾಡುವುದಿಲ್ಲ ಅಂದುಕೊಂಡಿದ್ದೆ. ನನಗೆ ಬಿಟ್ಟುಕೊಡಲು ಬರುವುದಿಲ್ಲ, ಆ-ಯೂ. ಆಸ್ಪತ್ರೆಯಲ್ಲಿ ಮಾಡಿದ ಹಟವನ್ನೇ ಸಂತೆಯಲ್ಲಿ ಮಾಡಿದೆ.

ಡೌಗಾನ್‌ನ ಡಾಕ್ಟರ್ ಎರಡು ದಿನ ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡಿದ್ದ. ಈಗ ಮನೆಯಲ್ಲಿದೆ. ಗಂಜಿ ಕುಡಿಯುತ್ತಿದೆ. ಬೈಯುವುದಿದ್ದರೆ ಪೂರ್ತಿ ಬೈದು ಬರೆ.

ಅಮ್ಮ

*

ಮ್ಯಾವ್‌ಲಿ
ಮೇ 15

ಅಮ್ಮಾ,

ಬೈದು ಒಂದು ಕಾಗದ ಬರೆದೆ. ಹರಿದು ಹಾಕಿದೆ. ಇದು ಎರಡನೆಯದು.

ಬೈಯಲು ನಾನು ಯಾರು? ಅದಕ್ಕೆ ಮೂರು ದಿನ ಕರಿ ಗುಳಿಗೆ ಕೊಟ್ಟವಳು ನೀನು, ಎರಡೂವರೆ ವರ್ಷ ಏನೂ ಕೊಡದವಳು ನಾನು. ಡಾಕ್ಟರ್ ಕೋ ಬಗ್ಗೆ ನಾನು ಅಂದದ್ದು ತಪ್ಪಾಯಿತು ಅಂತ ಅವರಿಗೆ ಹೇಳು. ಮುಂದಿನ ಗುರುವಾರದ ಸೂಜಿ ತಪ್ಪಿಸಬೇಡ.

ಅಪ್ಪನ ವಿಷಯ ನೀನು ಇದುವರೆಗೆ ಹೇಳಿರಲಿಲ್ಲ. ಅವರು ಮನೆಗೆ ಬರಬೇಕು ಅಂದದ್ದು ನನಗೆ ಗೊತ್ತಿತ್ತು. ನನ್ನ ಹತ್ತಿರವೂ ಕೇಳಿದ್ದರು, ಅಮ್ಮನಿಗೆ ಹೇಳು ಅಂತ. ನಾನು ಹೇಳಲಿಲ್ಲ. ಮನೆಗೆ ಬಂದರೆ ಸತ್ತುಹೋಗುತ್ತಾರೆ ಅಂತ ನನಗೆ ಹೆದರಿಕೆಯಿತ್ತು.

ಇಲ್ಲಿ ಎಲ್ಲರೂ ನನ್ನ ಮುಖ ನೋಡಿ ಏನಾಯಿತು ಅಂತ ಕೇಳುತ್ತಾರೆ. ಗಂಟೆ ಬಾರಿಸುವ ಸರದಿ ಎರಡು ಸಲ ಮರೆತೆ. ಇವತ್ತು ಅನ್ನ ತಳ ಹಿಡಿಸಿದೆ, ಅರವತ್ತು ಜನ ಸೀದ ಅನ್ನ ತಿಂದರು. ಗುರುಮಾತೆಯ ಪ್ರಶ್ನೆಗೆ ಉತ್ತರ ಸಿಕ್ಕಿದೆ. ನನಗೆ ನಾಯಿ ಬೇಕಾಗಿದೆ. ಗೊತ್ತಾದ ಮೇಲೂ ಬೇಕಾಗಿಯೇ ಇದೆ, ಅದೇ ಕಷ್ಟ.

ಜುಯೆ-ಆನ್

*

ಚಿಯಾಯಿ
ಮೇ 29

ಆ-ಯೂ,

ನೀನು ಬರಬೇಡ, ನಾವು ಬರುತ್ತೇವೆ. ಜೂನ್ 9, ಶನಿವಾರ. ಒಂಬತ್ತೂವರೆಗೆ ಮ್ಯಾವ್‌ಲಿ ಸ್ಟೇಷನ್, ಅಲ್ಲಿಂದ ಟ್ಯಾಕ್ಸಿ. ಈಗ ಹೊಟ್ಟೆ ಮೆತ್ತಗಿದೆ, ನಾಡಿ ಸ್ಥಿರವಾಗಿದೆ, ಹೋಗಿಬರುವುದಾದರೆ ಇದೇ ಸಮಯ ಅಂದ ಡಾಕ್ಟರ್. ಹೊರಡುವ ಹಿಂದಿನ ಗುರುವಾರ ಪ್ರಯಾಣಕ್ಕೆ ಅಂತಲೇ ಎರಡು ಸೂಜಿ ಹೆಚ್ಚಿಗೆ ಹಾಕುತ್ತಾನಂತೆ.

ನಾಯಿಯನ್ನು ವಿಹಾರದ ಒಳಗೆ ಬಿಡುವುದಿಲ್ಲ ಅಂತ ಗೊತ್ತು. ಗೇಟಿನ ಹತ್ತಿರ ಇರು.

ಅಮ್ಮ

*

ಮ್ಯಾವ್‌ಲಿ
ಜೂನ್ 15

ಅಮ್ಮಾ,

ನೀವು ಹೋಗಿ ಆರು ದಿನವಾಯಿತು. ಅವತ್ತು ಮಾತಾಡಬೇಕಾದದ್ದು ಏನನ್ನೂ ಆಡಲಿಲ್ಲ. ನೀನು ತಂದ ಲಿಚಿ ಹಣ್ಣಿನ ಬಗ್ಗೆಯೇ ಎಷ್ಟೊಂದು ಮಾತಾಡಿದೆವು.

ಟ್ಯಾಕ್ಸಿಯಿಂದ ನೀನು ಇಳಿದಾಗ ನನ್ನ ಕಣ್ಣು ಮೊದಲು ಹೋದದ್ದು ನಿನ್ನ ನಡಿಗೆಗೆ. ಎಡಗಾಲು ಸ್ವಲ್ಪ ಎಳೆಯುತ್ತೀಯ. ಆಮೇಲೆ ನೀನು ನಾಯಿಯ ಬುಟ್ಟಿಯ ಬಾಗಿಲು ತೆಗೆದೆ. ಆ ಕ್ಷಣವನ್ನು ಮೂರು ತಿಂಗಳಿಂದ ದಿನಾ ಕಲ್ಪಿಸಿಕೊಂಡಿದ್ದೆ. ಓಡಿಬರುತ್ತದೆ, ಮುಖ ನೆಕ್ಕುತ್ತದೆ, ನಾನು ಅಳಬಾರದು ಅಂತೆಲ್ಲ. ಅದು ಬಂತು. ನನ್ನ ನಿಲುವಂಗಿಯ ಅಂಚು ಮೂಸಿತು, ಕೈ ಮೂಸಿತು, ಬಾಲ ಎರಡು ಸಲ ಆಡಿಸಿತು. ಯಾರೋ ಪರಿಚಯದವರನ್ನು ಕಂಡ ಹಾಗೆ, ಅಷ್ಟೇ ಮರ್ಯಾದೆಯಿಂದ. ತಿರುಗಿ ಹೋಗಿ ನಿನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತು.

ನೀನು ಗಾಬರಿಯಾಗಿ, "ಊದುಬತ್ತಿ ವಾಸ್ನೆ ಕಣೆ, ಅದಕ್ಕೇ ಗೊತ್ತಾಗ್ಲಿಲ್ಲ ಅದಕ್ಕೆ," ಅಂದೆ. ನನ್ನನ್ನು ಸಮಾಧಾನ ಮಾಡಲು ಅಂದೆ. ಅದಕ್ಕೆ ಗೊತ್ತಾಗಿತ್ತು ಅಮ್ಮ. ನನ್ನನ್ನು ಗುರುತಿಸಿಯೇ ನಿನ್ನ ಹತ್ತಿರ ಹೋಯಿತು.

ನಾಯಿ ನಿನ್ನದು ಅಂತ ನೀನು ನನಗೆ ಬರೆದಿದ್ದೆಯಲ್ಲ, ಅಲ್ಲ, ಅದು ನಿನ್ನದು. ಹೇಗೆ ಹೇಳಲಿ, ಮೊದಲು ಎದೆಗೆ ಒದ್ದ ಹಾಗಾಯಿತು. ಆಮೇಲೆ ನೀನು ತೋರಿಸಿಕೊಟ್ಟ ಹಾಗೆ ಅದರ ಮಂಡಿಯ ಕೆಳಗೆ ಮೂರು ಹರದಾರಿಯನ್ನು ಒತ್ತುತ್ತಾ ಕೂತೆ. ರೋಮದ ಕೆಳಗೆ ಮೂಳೆ ಸಿಕ್ಕಿತು, ಅದರ ಪಕ್ಕ ಒಂದು ತಗ್ಗು. ಬೆರಳು ತಾನೇ ಅಲ್ಲಿ ಇಳಿಯಿತು. ಬಿಸಿಯಿತ್ತು. ಅದು ಕಣ್ಣು ಮುಚ್ಚಿತು. ಮಾರ್ಚಿನಿಂದ ಈಚೆಗೆ ಆ ಅರ್ಧ ಗಂಟೆ ನನ್ನ ಮನಸ್ಸು ಎಲ್ಲಿಗೂ ಓಡಲಿಲ್ಲ.

ಹೊರಡುವಾಗ ನೀನು ಏನೋ ಹೇಳಲು ಬಾಯಿ ತೆರೆದು, ಟ್ಯಾಕ್ಸಿಯವನು ಕಾಯುತ್ತಿದ್ದಾನೆ ಅಂದುಬಿಟ್ಟೆ. ಏನದು?

ಜುಯೆ-ಆನ್

*

ಮ್ಯಾವ್‌ಲಿ
ಆಗಸ್ಟ್ 1

ಅಮ್ಮಾ,

ಜುಲೈಯಲ್ಲಿ ಎರಡು ಕಾಗದ ಹಾಕಿದ್ದೆ. ಇದು ಮೂರನೆಯದು. ಅಂಚೆಯವನ ಬೈಕಿನ ಸದ್ದಿಗೆ ಕಸ ಗುಡಿಸುವ ನೆಪದಲ್ಲಿ ಅಂಗಳಕ್ಕೆ ಬರುತ್ತೇನೆ. ಅಂಗಳ ಇಷ್ಟು ಸ್ವಚ್ಛವಾಗಿದ್ದದ್ದೇ ಇಲ್ಲ ಅಂತ ನಗುತ್ತಾರೆ.

ನೀನು ಹೇಳದಿದ್ದರೂ ನನಗೆ ಅರ್ಥವಾಗುತ್ತಿದೆ. ಹೇಳಿದರೆ ಒಳ್ಳೆಯದು. ನೀನು ಊಟ ಮಾಡುತ್ತಿದ್ದೀಯಾ?

ಜುಯೆ-ಆನ್

*

ಚಿಯಾಯಿ
ಆಗಸ್ಟ್ 10

ಆ-ಯೂ,

ಡೌಗಾನ್ ಜುಲೈ 5ರಂದು ಹೋಯಿತು. ಗುರುವಾರ.

ಮೂರು ತಿಂಗಳು ಅಂದಿದ್ದರು, ನಾಲ್ಕು ದಾಟಿತು. ಕೊನೆಯ ವಾರದವರೆಗೂ ತಿಂದಿತು. ಬುಧವಾರ ಸಂಜೆ ನನ್ನ ಜೊತೆ ಕಾಲುವೆಯವರೆಗೂ ಬಂತು, ಅರ್ಧ ದಾರಿ ನಾನೇ ಎತ್ತಿಕೊಂಡೆ. ಗುರುವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡುವ ಹೊತ್ತಿಗೆ ಹೊಟ್ಟೆ ಉಬ್ಬಿತ್ತು, ಉಸಿರು ಮೇಲೆ ಮೇಲೆ. ಕೆಂಪು ಗುಳಿಗೆ ಕೈಯಲ್ಲಿ ಹಿಡಿದುಕೊಂಡೆ. ಅದು ನನ್ನನ್ನೇ ನೋಡುತ್ತಿತ್ತು. ಗುಳಿಗೆಯನ್ನು ವಾಪಸ್ಸು ಪೊಟ್ಟಣಕ್ಕೆ ಹಾಕಿ ಡಾಕ್ಟರ್‌ಗೆ ಫೋನು ಮಾಡಿದೆ. ಅವನೇ ಬಂದ. ನಾಡಿ ನೋಡಿದ, ಹೊಟ್ಟೆ ಮುಟ್ಟಿದ.

"ಆಂಟಿ, ನನ್ನ ಸೂಜಿ ಇನ್ನು ಸಾಲಲ್ಲ," ಅಂದ.

"ಇನ್ನೊಂದು ಸೂಜಿ ಇದೆಯಲ್ಲ, ಅದನ್ನ ಹಾಕು," ಅಂದೆ. ನಾನೇ ಅಂದೆ.

ತಲೆ ನನ್ನ ಮಡಿಲಲ್ಲಿತ್ತು. ಕಾವಲಿ ಪಕ್ಕದ ಅದರ ಜಾಗದಲ್ಲೇ ಕೂತಿದ್ದೆವು. ಹೊರಗೆ ಇಬ್ಬರು ಗಿರಾಕಿ ಕಾಯುತ್ತಿದ್ದರು, ಸ್ಯೂ-ಚೂ ಅವರನ್ನು ಕಳಿಸಿದಳು. ಸಂಕಟವಾಗಲಿಲ್ಲ ಅದಕ್ಕೆ.

ಆಮೇಲೆ ನಿನಗೆ ಬರೆಯಬೇಕು ಅಂತ ಕೂತಾಗಲೆಲ್ಲ, ಗೇಟಿನ ಹತ್ತಿರ ಹೇಳದೆ ಉಳಿಸಿಕೊಂಡದ್ದು ಅಡ್ಡ ಬರುತ್ತಿತ್ತು. ಅದನ್ನು ಹೇಳದೆ ಇದನ್ನು ಹೇಳುವುದು ಹೇಗೆ? ಈಗ ಹೇಳಿಬಿಡುತ್ತೇನೆ.

ಅವತ್ತು ನಾನು ಬಂದದ್ದು ಡೌಗಾನ್‌ನ ತೋರಿಸಲು ಅಲ್ಲ. ನಿನ್ನನ್ನು ಕರಕೊಂಡು ಹೋಗಲು. ಈ ಸ್ಥಿತಿಯಲ್ಲಿ ಅದನ್ನು ಕಣ್ಣಾರೆ ಕಂಡರೆ ನೀನು ನಿಲ್ಲುವುದಿಲ್ಲ, ಬಂದೇ ಬರುತ್ತೀಯ ಅಂತ ಲೆಕ್ಕ ಹಾಕಿದ್ದೆ. ನನ್ನ ಚೀಲದಲ್ಲಿ ನಿನ್ನ ಪ್ಯಾಂಟು, ನೀಲಿ ಅಂಗಿ ಇದ್ದವು. ಕೂದಲು ಬೆಳೆಯುವ ತನಕ ಹಾಕಿಕೊಳ್ಳಲು ಒಂದು ಟೋಪಿಯನ್ನೂ ಕೊಂಡಿದ್ದೆ. ವಾಪಸ್ಸು ಬರುವುದಕ್ಕೆ ಎರಡು ಟಿಕೆಟ್ ತೆಗೆಸಿದ್ದೆ.

ನೀನು ನೆಲದ ಮೇಲೆ ಕೂತು ಅದರ ಕಾಲು ಒತ್ತುತ್ತಿದ್ದೆಯಲ್ಲ, ನಾನು ನಿಂತು ನೋಡುತ್ತಿದ್ದೆ. ಆ ಹೊತ್ತಿನಲ್ಲಿ ನೀನು ಎಲ್ಲಿಗೂ ಹೋಗಬೇಕಾದವಳ ಹಾಗೆ ಕಾಣಲಿಲ್ಲ. ನಾನೊಬ್ಬಳೇ ಕಾಲು ಬದಲಿಸಿ ಬದಲಿಸಿ ನಿಂತಿದ್ದೆ. ಬಾಯಿ ತೆರೆದೆ. ಆಗಲಿಲ್ಲ.

ರೈಲಿನಲ್ಲಿ ನಿನ್ನ ಸೀಟಿನ ಮೇಲೆ ಡೌಗಾನ್ ಬುಟ್ಟಿ ಇಟ್ಟೆ. ಟಿಕೆಟ್ ನೋಡುವವನು ಬಂದು, ಬುಟ್ಟಿ ಕಾಲಿನ ಹತ್ತಿರ ಇಡಬೇಕು, ಸೀಟು ಮನುಷ್ಯರಿಗೆ ಅಂದ. ಎರಡೂ ಟಿಕೆಟ್ ತೋರಿಸಿದೆ. "ಇನ್ನೊಬ್ರು ಎಲ್ಲಿ?" ಅಂತ ಕೇಳಿದ. ಬರಲಿಲ್ಲ, ಅಲ್ಲೇ ಚೆನ್ನಾಗಿದ್ದಾಳೆ ಅಂದೆ. ಅವನು ಬುಟ್ಟಿಯೊಳಗೆ ಇಣುಕಿ ನೋಡಿ ಮುಂದೆ ಹೋದ. ಚಿಯಾಯಿ ಬರುವವರೆಗೂ ಡೌಗಾನ್ ಕಿಟಕಿಯ ಪಕ್ಕದಲ್ಲೇ ಮಲಗಿತ್ತು.

ಗುರುವಾರ ಬಂದರೆ ಮನೆಯಲ್ಲಿ ಕೂರಲಾಗುವುದಿಲ್ಲ. ಅಂಗಡಿ ಮುಚ್ಚಿ ಕ್ಲಿನಿಕ್ಕಿಗೇ ಹೋಗುತ್ತೇನೆ. ಬೇರೆಯವರ ನಾಯಿಗಳನ್ನು ಹಿಡಿದುಕೊಳ್ಳುತ್ತೇನೆ. ಒಡೆಯರು ಹೆದರಿದರೆ ನಾಯಿಯೂ ಹೆದರುತ್ತದೆ, ಆಂಟಿ ಹಿಡಿದರೆ ಸುಮ್ಮನಿರುತ್ತವೆ ಅನ್ನುತ್ತಾನೆ ಡಾಕ್ಟರ್. ಅಲ್ಲಿ ಒಂದು ಗಂಟೆ ನಾನೂ ಸುಮ್ಮನಿರುತ್ತೇನೆ.

ಮಧ್ಯ ಶರತ್ಕಾಲದ ಹಬ್ಬ ಮುಗಿದ ಮೇಲೆ ಬರುತ್ತೇನೆ. ಹೋಗಿಬರಲು ನನ್ನೊಬ್ಬಳಿಗೆ ಮಾತ್ರ ಟಿಕೆಟ್ ತೆಗೆಸುತ್ತೇನೆ. ಗೇಟಿನ ಹತ್ತಿರ ನೆರಳಿಲ್ಲ, ಒಂದು ಕೊಡೆ ತಾ.

ಅಮ್ಮ